ಕರೆಂಟ್ ಪೇಟಿಯ ಜೋಲಿ

“ಆ ವೈರ್ ಕೀಳವ್ವಾ, ಅಕ್ಕಿಕಾಳಿನ ಹೊತ್ತಾತು,” ಎನ್ನುತ್ತ ಮದುಮಗಳ ತಂದೆ ಬಸಗೊಂಡಪ್ಪ ಬಂದು ನಿಂತಾಗ ಅಬೇದಾಳ ಎರಡೂ ಕೈ ಪೇಟಿಯ ಮೇಲಿದ್ದವು. ತಿಕೋಟಾದ ಆ ಹಂದರದಲ್ಲಿ ಜನ ಆಗಲೇ ಮುಷ್ಟಿಯಲ್ಲಿ ಅಕ್ಕಿ ಹಿಡಿದು ಎದ್ದು ನಿಂತಿದ್ದರು.

ಅದು ಎಲ್ಲರ ಮನೆಯ ಹಾರ್ಮೋನಿಯಂ ಪೇಟಿಯಲ್ಲ. ವಿಜಾಪುರದ ಅಥಣಿ ರಸ್ತೆಯಲ್ಲಿ ಅಪ್ಪ ಮಶಾಕಸಾಬನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೂತು, ಸತ್ತ ರೇಡಿಯೋಗಳ ಕರುಳು ಕಿತ್ತು ಅಬೇದಾ ತಾನೇ ಜೋಡಿಸಿದ್ದು. ಗಾಳಿ ಒತ್ತುವ ಗೋಜಿಲ್ಲ, ಕರೆಂಟಿನಿಂದ ನುಡಿಯುತ್ತಿತ್ತು. ಅವಳು ಬಾರಿಸುವುದು, ಗೆಳತಿ ರೇಣುಕವ್ವ ಹಾಡುವುದು. ಮೂರನೆಯವರಿಲ್ಲ. ಎಂಟೇ ತಿಂಗಳಲ್ಲಿ ಇಟ್ಟಂಗಿಹಾಳದಿಂದ ಬಬಲೇಶ್ವರದವರೆಗೆ ಈ ಇಬ್ಬರು ಹುಡುಗಿಯರು ಜನರ ತಲೆ ಕೆಡಿಸಿಬಿಟ್ಟಿದ್ದರು. ಆದರೂ ಮದುವೆಗಳಲ್ಲಿ ಕರೆಯುತ್ತಿದ್ದುದು ಅರಿಷಿಣದ ಹೊತ್ತಿಗೆ, ಊಟದ ಹೊತ್ತಿಗೆ. ಅಕ್ಕಿಕಾಳು ಬೀಳುವಾಗ ನುಡಿದದ್ದು ಮಾತ್ರ ಮಂಗಳವಾದ್ಯ, ಉಳಿದದ್ದೆಲ್ಲ ತಮಾಷೆ ಎನ್ನುವುದು ಆ ಸೀಮೆಯ ಲೆಕ್ಕ. ಇವತ್ತು ಅಕ್ಕಿಕಾಳಿಗೇ ಬಾರಿಸಿರೆಂದು ಬಸಗೊಂಡಪ್ಪನೇ ಮಾತು ಕೊಟ್ಟಿದ್ದ. ಅದಕ್ಕೆಂದೇ ಇಬ್ಬರೂ ಬೆಳಗಿನ ಬಸ್ಸಿನಲ್ಲಿ ಪೇಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರು.

“ನೀವ ಬಾರಸ್ರಿ ಅಂದಿದ್ರಲ್ರಿ ಕಾಕಾ?” ಎಂದಳು ಅಬೇದಾ.

“ಅಂದಿದ್ದೆ, ಖರೆ. ಆದ್ರ ಬ್ಯಾಂಡಿನ ಧೂಳಪ್ಪ ಮಾಸ್ತರು ಒಪ್ಪವಲ್ರು.”

ಧೂಳಪ್ಪ ಹಿಂದೆಯೇ ಬಂದ. ಮೀಸೆಗಿಂತ ಕ್ಲಾರಿನೆಟ್ಟಿಗೇ ಹೆಚ್ಚು ಎಣ್ಣೆ ಹಚ್ಚುವ ಮನುಷ್ಯ. ಮೂವತ್ತು ವರ್ಷದಿಂದ ಅವನ ಬ್ಯಾಂಡಿಲ್ಲದೆ ಆ ಊರಲ್ಲಿ ಒಂದು ತಾಳಿ ಬಿದ್ದಿರಲಿಲ್ಲ.

“ಊದಾಕ ಉಸಿರ ಬೇಕು, ಬಡ್ಯಾಕ ಕೈ ಬೇಕು. ಇದೇನ ವಾದ್ಯ ಅಲ್ಲ, ಕೆಟ್ಟ ರೇಡಿಯೋ,” ಎಂದ. “ಇದು ನುಡೀತಂದ್ರ ನಾವು ಎದ್ದ ಹೋಗತೀವಿ. ಇಲ್ಲೊಂದ ಅಲ್ಲ, ಇನ್ನ ಮ್ಯಾಲೆ ಇದು ಬಂದ ಮದುವಿಗೆ ಯಾವ ಬ್ಯಾಂಡೂ ಬರಂಗಿಲ್ಲ. ನಿನ್ನೆ ಬಬಲೇಶ್ವರದಾಗ ಎಲ್ಲಾರೂ ಕುಂತು ಠರಾವ ಮಾಡೇವಿ.”

ಅಲ್ಲಿಗೆ ಮುಗಿಯಿತು. ಬ್ಯಾಂಡ್ ಬಿಟ್ಟು ಇಬ್ಬರು ಹುಡುಗಿಯರನ್ನು ಯಾರು ಕರೆದಾರು? ಅಬೇದಾಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

“ಕೆಟ್ಟ ರೇಡಿಯೋಕ್ಕ ಇಷ್ಟ್ಯಾಕ ಅಂಜತೀರ್ರಿ ಮಾಸ್ತರ?” ಎಂದು ರೇಣುಕವ್ವ ಸೊಂಟಕ್ಕೆ ಕೈಯಿಟ್ಟಳು.

“ಅಂಜಿಕಿ ಯಾಕ ಬೇ? ಒಂದ ಸ್ವರಾನೂ ನೆಟ್ಟಗ ನಿಂದ್ರಂಗಿಲ್ಲ ಇದರಾಗ. ಕುಡದವರಂಗ ಜೋಲಿ ಹೊಡೀತೈತಿ.”

ಅದೇನೋ ನಿಜ. ಪೇಟಿಯೊಳಗೆ ಒಂದು ಹಳೆಯ ಕಂಡೆನ್ಸರ್ ಕೆಟ್ಟಿತ್ತು. ಅದರಿಂದಾಗಿ ಪ್ರತಿ ಸ್ವರವೂ ಕೊನೆಗೆ ಒಂಚೂರು ಕೆಳಗೆ ಜೋತುಬಿದ್ದು, ತುಂಬಿದ ಕೊಡ ಹೊತ್ತವಳು ಎಡವಿ ಸಾವರಿಸಿಕೊಂಡಂತೆ ಮತ್ತೆ ಎದ್ದು ನಿಲ್ಲುತ್ತಿತ್ತು. ಬದಲಿಸೆಂದು ಮಶಾಕಸಾಬ ನೂರು ಸಲ ಹೇಳಿದ್ದ. ಬೇಡವೆಂದವಳು ರೇಣುಕವ್ವ. ತನ್ನ ದನಿಯನ್ನೇ ಆ ಜೋಲಿಗೆ ಹೊಂದಿಸಿ ಹಾಡಿದಳು. ಜನ ಮನಸೋತದ್ದೂ ಅದಕ್ಕೇ.

ಬಸಗೊಂಡಪ್ಪ ಕೈ ಮುಗಿದ. “ಹೊತ್ತ ಮೀರಾಕತ್ತೈತಿ. ನನ್ನ ಮಗಳ ಅಕ್ಕಿಕಾಳ ನಿಲ್ಲಸಬ್ಯಾಡ್ರವ್ವಾ.”

ಅಬೇದಾ ಅಂತರಪಟದ ಆಚೆ ತಲೆ ತಗ್ಗಿಸಿ ನಿಂತ ಹುಡುಗಿಯನ್ನು ನೋಡಿದಳು. ಅವಳದೇನು ತಪ್ಪು?

“ನಿಮ್ಮ ಮಗಳ ಮಾರಿ ನೋಡಿ ಕೈ ತಗೀತೀನ್ರಿ ಕಾಕಾ. ಆದ್ರ ವೈರ್ ಕೀಳಂಗಿಲ್ಲ. ಕೀಳೂದಿದ್ರ ಮಾಸ್ತರ ಬಂದು ಕೀಳಲಿ.”

ಧೂಳಪ್ಪನಿಗೆ ಕರೆಂಟೆಂದರೆ ಹಾವು ಕಂಡಷ್ಟು ಭಯ. ಅವನು ಬ್ಯಾಂಡಿನ ಕಡೆ ನಡೆದುಬಿಟ್ಟ. ಪೇಟಿಯ ಕೆಂಪು ದೀಪ ಉರಿಯುತ್ತಲೇ ಇತ್ತು.

ಮಂತ್ರ ಮುಗಿಯಿತು, ಅಂತರಪಟ ಸರಿಯಿತು, ಅಕ್ಕಿ ಹಾರಿತು. ಬ್ಯಾಂಡು ಒಮ್ಮೆಲೇ ಭೋರ್ಗರೆಯಿತು. ಎಲ್ಲಕ್ಕೂ ಮೇಲೆ ಧೂಳಪ್ಪನ ಕ್ಲಾರಿನೆಟ್ಟು ಏರಿತು. ಅಬೇದಾ ತಲೆ ತಗ್ಗಿಸಿ ಕೂತವಳು ತಟ್ಟನೆ ಮುಖವೆತ್ತಿದಳು. ರೇಣುಕವ್ವ ಅವಳ ತೋಳನ್ನು ಗಟ್ಟಿಯಾಗಿ ಹಿಡಿದಳು. ಪ್ರತಿ ಸಾಲಿನ ಕೊನೆಗೂ ಕ್ಲಾರಿನೆಟ್ಟಿನ ಸ್ವರ ಒಂಚೂರು ಜೋತುಬೀಳುತ್ತಿತ್ತು, ಸಾವರಿಸಿಕೊಂಡು ಏಳುತ್ತಿತ್ತು. ಸರಿಯಾಗಿ ಅಲ್ಲೇ ಹೆಂಗಸರ ತಲೆಗಳು ತೂಗುತ್ತಿದ್ದವು. ಧೂಳಪ್ಪ ಕಣ್ಣು ಮುಚ್ಚಿ, ಗಲ್ಲ ಉಬ್ಬಿಸಿ ಊದುತ್ತಿದ್ದ. ತಾನೇನು ಊದುತ್ತಿದ್ದೇನೆಂದು ಪಾಪ, ಅವನಿಗೇ ಗೊತ್ತಿರಲಿಲ್ಲ.

ಊದುವುದು ನಿಂತಾಗ ಅಬೇದಾ ಎದ್ದಳು. ತಲೆಯ ಮೇಲೆ ಬಿದ್ದ ಅಕ್ಕಿಯನ್ನು ಕೊಡವದೆ, ಜನರ ನಡುವೆ ದಾರಿ ಮಾಡಿಕೊಂಡು, ಬೆವರು ಒರೆಸಿಕೊಳ್ಳುತ್ತಿದ್ದ ಧೂಳಪ್ಪನ ಎದುರು ಹೋಗಿ ನಿಂತಳು.

“ಮಾಸ್ತರ, ನನ್ನ ಪೇಟಿಯೊಳಗ ಒಂದ ಕಂಡೆನ್ಸರ್ ಕೆಟ್ಟೈತ್ರಿ, ಅದಕ್ಕ ಜೋಲಿ ಹೊಡೀತೈತಿ,” ಎಂದಳು. “ನಿಮ್ಮ ಕ್ಲಾರಿನೆಟ್ಟಿನಾಗ ಏನ ಕೆಟ್ಟೈತ್ರಿ?”