ಕ್ಲಾಂಪಿನಡಿಯ ಕುಂಕುಮ

ಬ್ಯಾಟರಿಗೆ ತಂತಿ ಬಿಗಿಯುವ ಕ್ಲಾಂಪ್ ಮತ್ತೆ ಸಡಿಲವಾಗಿತ್ತು. ಬೆರಳು ತಾಗಿದ ಕೂಡಲೇ ದೇಜಪ್ಪನಿಗೆ ಗೊತ್ತಾಯಿತು. ಸ್ಪ್ಯಾನರ್ ಹಾಕಿ ಬಿಗಿದ, ಕೀಲಿ ತಿರುಗಿಸಿದ. ಹಳೆಯ ಕಾರು ಒಂದೇ ಏಟಿಗೆ ಗುರ್ರೆಂದಿತು.

"ಕೇಳಿತಾ? ಸಾಯುವ ಬ್ಯಾಟರಿ ಹೀಗೆ ಕೂಗ್ತದಾ?" ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ ಮಗ ಕೀರ್ತನ್‌ಗೆ ಸವಾಲು ಹಾಕಿದ.

"ಐದು ವರ್ಷದ ಬ್ಯಾಟರಿ ಅಪ್ಪ, ವಿಂಟರ್‌ನಲ್ಲಿ ಕೈ ಕೊಡ್ತದೆ. ಈ ಕಾರಿಗೆ ಇನ್ನು ಹೊಸತು ಹಾಕುವುದು ಬೇಡ. ಕೊಟ್ಟುಬಿಡುವ."

ಅಲ್ಲಿಗೆ ಬಂತು ನೋಡಿ ವಿಷಯ. ಬ್ಯಾಟರಿ ಹೋಯಿತೆಂದರೆ ಕಾರು ಹೋಯಿತು. ಕಾರಿಲ್ಲದಿದ್ದರೆ ಅಮೆರಿಕದ ಈ ಸಮರ್‌ಸೆಟ್‌ನಲ್ಲಿ ಒಂದು ಕ್ಯಾನ್ ಹಾಲಿಗೂ ಇನ್ನೊಬ್ಬರ ಮುಖ ನೋಡಬೇಕು. ಹಿಮ ಬೀಳುವಾಗಲೂ ಮೋಟೆಲ್ಲಿನ ವ್ಯಾನ್ ಓಡಿಸಿದ ದೇಜಪ್ಪ ಅದಕ್ಕೆಲ್ಲ ಜಗ್ಗುವ ಆಸಾಮಿಯಲ್ಲ. ಹಟ ಹಿಡಿದು ಬ್ಯಾಟರಿಯನ್ನು ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿದ. ಅವರು ಕೊಟ್ಟ ಚೀಟಿಯನ್ನು ಹೆಂಡತಿ ಜಯಂತಿ ಎಲ್ಲರೆದುರು ಓದಿದಳು: ಈ ಚಳಿಗಾಲಕ್ಕೆ ಧಾರಾಳ ಸಾಕು.

ಹಾಗಾದರೆ ಕ್ಲಾಂಪ್ ಸಡಿಲಿಸುವವರು ಯಾರು? ಮೊಮ್ಮಗಳು ಸನ್ನಿಧಿಯನ್ನು ಇನ್ನು ತಾನೇ ಶಾಲೆಗೆ ಬಿಡುತ್ತೇನೆಂದು ಹೇಳಿದ ಮರುದಿನವೇ ಈ ಕಾಟ ಶುರುವಾಗಿತ್ತು. ಅನುಮಾನ ಸೊಸೆ ತೃಷಾಳ ಮೇಲೆ. ಪಕ್ಕದ ಮನೆಯ ಮೇಲ್‌ಬಾಕ್ಸಿನ ಕಂಬಕ್ಕೆ ಕಾರು ತಾಗಿದಾಗ ಮುಖ ಊದಿಸಿಕೊಂಡವಳು ಅವಳೇ. ರಸ್ತೆಗೆ ಒತ್ತಿ ಕಂಬ ನೆಟ್ಟರೆ ತಾಗದೆ ಇರುತ್ತದೆಯೇ?

ಆಯುಧಪೂಜೆಯ ಸಂಜೆ ಕಾರಿಗೆ ಹೂ ಹಾಕುತ್ತ, ಜಯಂತಿಗೆ ಮಾತ್ರ ಗುಟ್ಟು ಹೇಳಿದ. "ಕುಂಕುಮ ಎಣ್ಣೆಯಲ್ಲಿ ಕಲಸಿ ಕೊಡು. ಕ್ಲಾಂಪಿನ ಅಡಿಗೆ ಮೆತ್ತುತ್ತೇನೆ. ಪೂಜೆಯ ಕುಂಕುಮ ಅಂತ ಯಾರಿಗೂ ಸಂಶಯ ಬರುವುದಿಲ್ಲ. ಬಿಚ್ಚಿದವರ ಕೈ ಕೆಂಪಾಗ್ತದೆ."

"ಕಳ್ಳರು ಸಿಕ್ಕದಿದ್ದರೆ?"

"ಕಾರಿನ ಕೀಲಿ ನಿನ್ನ ಕೈಗೆ ಕೊಡ್ತೇನೆ. ದೇಜಪ್ಪನ ಮಾತು."

ಜಯಂತಿ ಬಟ್ಟಲು ತುಂಬ ಕಲಸಿದಳು.

ಬೆಳಿಗ್ಗೆ ಕಾರು ಕಮಕ್ ಕಿಮಕ್ ಎನ್ನಲಿಲ್ಲ. ದೇಜಪ್ಪನಿಗೆ ಇನ್ನೊಂದು ಹಬ್ಬ. ಮೂವರನ್ನೂ ಗ್ಯಾರೇಜಿಗೆ ಕರೆದು ಸಾಲಾಗಿ ನಿಲ್ಲಿಸಿದ.

"ಎಲ್ಲರೂ ಅಂಗೈ ತೋರಿಸಿ!"

ಈಚೆಗೆ ಅಭ್ಯಾಸವಾದಂತೆ ಕತ್ತು ಓರೆ ಮಾಡಿ, ಕಡೆಗಣ್ಣಿನಲ್ಲಿ ಒಂದೊಂದೇ ಕೈ ಪರಿಶೀಲಿಸಿದ. ಕೀರ್ತನ್‌ನದು ಸ್ವಚ್ಛ. ತೃಷಾಳ ಕೈ ಮೇಲೆ ತುಸು ಹೆಚ್ಚೇ ಹೊತ್ತು ಬಗ್ಗಿದ.

"ಎಂತ ಇದು ಮಾವ? ನಾನೇನು ಕದ್ದಿದ್ದೇನಾ?" ಎಂದಳು ತೃಷಾ.

ಅದೂ ಸ್ವಚ್ಛ. ದೇಜಪ್ಪನ ಮುಖ ಸಪ್ಪಗಾಯಿತು.

ಜಯಂತಿ ತಾನಾಗಿಯೇ ಕೈ ಚಾಚಿದಳು.

"ನಿನ್ನದು ಯಾಕೆ ನೋಡುವುದು?" ಎನ್ನುತ್ತಲೇ ಬಗ್ಗಿದ. "ಸ್ವಚ್ಛ ಉಂಟು."

"ಸರಿಯಾಗಿ ನೋಡಿ."

"ನೋಡಿದೆ ಮಾರಾಯ್ತಿ. ಒಂದು ಚುಕ್ಕೆಯೂ ಇಲ್ಲ."

ಕೀರ್ತನ್ ಅಮ್ಮನ ಕೈಯನ್ನೇ ನೋಡುತ್ತ ನಿಂತ. ತೃಷಾಳ ಕಣ್ಣು ತುಂಬಿ ಬಂತು.

ಜಯಂತಿ ಚಾಚಿದ ಕೈ ಹಿಂದೆಗೆಯಲಿಲ್ಲ. "ಕ್ಲಾಂಪ್ ಬಿಚ್ಚಿದವಳು ನಾನೇ. ಉಳಿದ ಕುಂಕುಮವನ್ನೂ ಅಂಗೈ ತುಂಬ ಬಳಿದುಕೊಂಡೇ ಬಂದಿದ್ದೇನೆ. ಇಷ್ಟು ಕೆಂಪು ಕಾಣದವರಿಗೆ ಮಕ್ಕಳು ಇಳಿಯುವಾಗ ನಿಲ್ಲಿ ಅನ್ನುವ ಸ್ಕೂಲ್ ಬಸ್ಸಿನ ಕೆಂಪು ದೀಪ ಕಾಣ್ತದಾ? ಕೊಡಿ, ಕೀಲಿ."