ಹಲಗೆಯ ಮೇಲೆ ಮೂರು ಬಿಲ್ಲೆ

"ಇಲ್ಲೊಂದು ಸಹಿ ಬೇಕು, ಮೇಡಂ," ಎಂದ ಎಂಜಿನಿಯರ್. ಅವನ ಹುಬ್ಬಿನವರೆಗೂ ಮಸಿ. "ಸುರಂಗದ ಬಾಯಿಗೆ ಗೋಡೆ ಕಟ್ಟಿದ್ರೆ ಗಾಳಿ ನಿಲ್ಲುತ್ತೆ, ಬೆಂಕಿ ತಾನಾಗೇ ಸಾಯುತ್ತೆ. ತಡ ಮಾಡಿದ್ರೆ ಇಡೀ ಕಲ್ಲಿದ್ದಲಿಗೆ ಹಬ್ಬುತ್ತೆ. ಆಮೇಲೆ ಈ ಗಣಿಯನ್ನ ಮರೆತುಬಿಡಬೇಕು."

ಗಣಿಯೊಡತಿ ಕಾಗದ ಮುಟ್ಟಲಿಲ್ಲ. ದೀಪದ ಕೋಣೆಯ ಗೋಡೆಯಲ್ಲಿದ್ದ ಹಲಗೆಯನ್ನೇ ನೋಡುತ್ತಿದ್ದಳು. ಕೆಳಗಿಳಿಯುವವನು ಟೋಪಿಗೆ ಸಿಕ್ಕಿಸುವ ದೀಪ ಪಡೆದು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಅಲ್ಲಿನ ಮೊಳೆಗೆ ತೂಗುಹಾಕಬೇಕು. ಮೇಲೆ ಬಂದವನು ದೀಪ ಕೊಟ್ಟು ಬಿಲ್ಲೆ ಒಯ್ಯಬೇಕು. ಮಧ್ಯಾಹ್ನ ಮೂರಕ್ಕೆ ಹಲಗೆಯೆಲ್ಲ ಬೋಳು, ಮೂರು ಬಿಲ್ಲೆ ಬಿಟ್ಟು.

ಅಕ್ಷರಕ್ಕಿಂತ ಮೊದಲು ಅವಳು ಕಲಿತದ್ದು ಈ ಹಲಗೆಯನ್ನು. ತಾಯಿಯಿಲ್ಲದ ಮಗಳನ್ನು ಅಪ್ಪ ಇಲ್ಲಿ ದೀಪದ ಮಾಮನ ಹತ್ತಿರ ಬಿಟ್ಟುಹೋಗುತ್ತಿದ್ದ. ಆಗಲೂ ದೀಪ ಕೊಡುತ್ತಿದ್ದವನು ಇವನೇ, ಈಗಲೂ ಇವನೇ. "ಭೂಮಿಯ ಹೊಟ್ಟೆಯೊಳಗೆ ಹೋಗೋರು ತಮ್ಮ ಜೀವಾನ ಈ ಮೊಳೆಗೆ ನೇತುಹಾಕಿ ಹೋಗ್ತಾರೆ ಪುಟ್ಟೀ, ಅದನ್ನ ಕಾಯೋಕೇ ನಾವಿರೋದು," ಎಂದು ಕಥೆ ಹೇಳುತ್ತಿದ್ದ. ಅಪ್ಪನ ಒಂದು ಗಣಿಯನ್ನು ಅವಳು ಏಳು ಮಾಡಿದಳು. ಎಂಥೆಂಥವರೋ ಅವಳೆದುರು ಕೈಕಟ್ಟಿ ನಿಂತರು. ಮಾಮನಿಗೆ ಮಾತ್ರ ಅವಳು ಪುಟ್ಟಿಯಾಗಿಯೇ ಉಳಿದಳು.

"ಒಳಗಿರೋರು ಬದುಕಿದಾರಾ?"

"ಎರಡು ಸಲ ಇಳಿದ್ವಿ, ಹೊಗೆ ನಮ್ಮನ್ನೇ ವಾಪಸ್ ಅಟ್ಟಿತು. ಬದುಕಿಲ್ಲ ಅಂತಲೇ ಹೇಳಬೇಕು."

"ಬದುಕಿಲ್ಲವೋ, ಹಾಗಂತ ಹೇಳಬೇಕೋ?"

ಅವನು ಕಾಗದವನ್ನು ಇನ್ನಷ್ಟು ಅವಳತ್ತ ಸರಿಸಿದ.

"ಆ ಎಂಬತ್ತೊಂದನೇ ನಂಬರಿದಾನಲ್ಲ, ಬಾಯಿಬಡುಕ," ಎಂದ ಮಾಮ ಮೂಲೆಯಿಂದ. ಅವನ ಕನ್ನಡಕದ ಒಂದು ಗಾಜು ಬಿದ್ದುಹೋಗಿತ್ತು. "ಬೆಳಗ್ಗೆ ನನ್ನ ಮುಖ ನೋಡಿ, 'ಏನ್ ತಾತ, ಅರ್ಧ ಲೋಕ ಕಂಡ್ರೆ ಸಾಕಾ ನಿಂಗೆ?' ಅಂದ. ವಾಪಸ್ ಬಾ, ಉತ್ತರ ಕೊಡ್ತೀನಿ ಅಂದಿದ್ದೆ. ಇನ್ನೊಂದೇ ಒಂದು ಸಲ ಇವರು ಇಳಿದು ನೋಡ್ಲಿ ಪುಟ್ಟೀ."

"ಇದು ಅಪ್ಪನ ಗಣಿ," ಎಂದಳು. ಯಾರಿಗೆ ಹೇಳಿದಳೋ ಅವಳಿಗೇ ತಿಳಿಯಲಿಲ್ಲ. ದಿನಕ್ಕೆ ನೂರು ಕಾಗದಕ್ಕೆ ನೋಡದೆ ರುಜು ಹಾಕುವ ಕೈ, ಇವತ್ತು ಹೆಸರಿನ ಕೊನೆಯಕ್ಷರವನ್ನು ಕಾಗದದಾಚೆ ಮೇಜಿನ ಮೇಲೆ ಬರೆಯಿತು.

ಹೊರಗೆ ಕಾಂಕ್ರೀಟು ಕಲೆಸುವ ಯಂತ್ರ ಗಡಗಡಿಸತೊಡಗಿತು. ಕಿಟಕಿಯ ಗಾಜು ಅದುರಿತು, ಹಲಗೆಯ ಮೇಲಿನ ಮೂರು ಬಿಲ್ಲೆಗಳು ಒಂದಕ್ಕೊಂದು ಏನೋ ಹೇಳಿಕೊಳ್ಳುವಂತೆ ಅಲುಗಿದವು. ಒಂದೂವರೆ ಗಂಟೆ ಕಳೆದು, ಐದಾಗುತ್ತಿರುವಾಗ ಯಂತ್ರ ನಿಂತಿತು. "ಆಯ್ತು!" ಎಂದು ಯಾರೋ ಕೂಗಿದರು.

ಅವಳು ಎದ್ದು ಕೈಚಾಚಿದಳು. "ಬಿಲ್ಲೆಗಳನ್ನ ಕೊಡು ಮಾಮ. ಅವರವರ ಮನೆಗೆ ನಾನೇ ಹೋಗಿ ಕೊಟ್ಟು ಬರ್ತೀನಿ."

ಮಾಮ ಅಲ್ಲಾಡಲಿಲ್ಲ. ಇದ್ದೊಂದು ಗಾಜಿನಲ್ಲಿ ಗಡಿಯಾರ ನೋಡಿದ.

"ಈಗಲೇ ಹೇಗೆ ಕೊಡ್ಲಿ, ಅಮ್ಮಾವ್ರೇ?" ಅವನ ಬಾಯಲ್ಲಿ ಆ ಮಾತನ್ನು ಅವಳು ಕೇಳಿದ್ದು ಅದೇ ಮೊದಲು. "ಬೆಳಗ್ಗೆ ಆರಕ್ಕೆ ಪೂರ್ತಿ ಚಾರ್ಜ್ ಮಾಡಿ ಕೊಟ್ಟ ದೀಪ. ಸಂಜೆ ಆರರ ತನಕ ಉರಿಯುತ್ತೆ."