ಕೊನೆಯ ಬೆಂಚಿನ ಮೇಷ್ಟ್ರು

ಟ್ರಂಪೆಟ್ ಕಲಿಯಲು ಬಂದ ಹೊಸ ಮಕ್ಕಳ ಹಾಜರಿ ಕರೆದು ಟೀಚರ್ ತಲೆ ಎತ್ತಿದರೆ, ಕೊನೆಯ ಬೆಂಚಿನಲ್ಲಿ ಅವಳ ಮೇಷ್ಟ್ರು ಕೂತಿದ್ದರು. ತೊಡೆಯ ಮೇಲೆ ಯಾರಿಂದಲೋ ಕೇಳಿ ತಂದ ಟ್ರಂಪೆಟ್.

ಅವಳಿಗೆ ಸಂಗೀತದ ಓನಾಮ ಹೇಳಿಕೊಟ್ಟವರು ಅವರೇ. ಪಿಟೀಲು, ಕೊಳಲು, ಗಿಟಾರು, ಪಿಯಾನೊ, ಯಾವುದನ್ನು ಮುಟ್ಟಿದರೂ ಅದು ಅವರ ಮಾತು ಕೇಳುತ್ತಿತ್ತು. ನಾಟಕವಿರಲಿ, ರೆಕಾರ್ಡಿಂಗ್ ಇರಲಿ, ಯಾವ ವಾದ್ಯದವನು ಕೈಕೊಟ್ಟರೂ ಜನ ಓಡಿ ಬರುತ್ತಿದ್ದುದು ಅವರ ಮನೆಗೆ. ಅವಳಿಗೆ ಟ್ರಂಪೆಟ್ ಮೇಲೆ ಆಸೆ ಹುಟ್ಟಿದಾಗ, ತಮಗೆ ಅದೊಂದು ಬಾರದೆಂದು ಹೇಳಿ, ಬಲ್ಲವರ ಬಳಿಗೆ ತಾವೇ ಕರೆದೊಯ್ದು ಬಿಟ್ಟಿದ್ದರು.

ಹೋದ ವರ್ಷ ರಂಗಮಂದಿರದ ಕಬ್ಬಿಣದ ಬಾಗಿಲಿಗೆ ಅವರ ಎಡಗೈ ಸಿಕ್ಕಿತು. ಗಾಯ ಮಾಯಿತು, ಬೆರಳುಗಳು ಮಾತ್ರ ಮೊದಲಿನಂತೆ ಆಡಲಿಲ್ಲ. ಮನೆಯ ವಾದ್ಯಗಳೆಲ್ಲ ಒಟ್ಟಿಗೆ ಮೂಕವಾದವು. ಟ್ರಂಪೆಟ್ಟಿನ ಗುಂಡಿ ಒತ್ತಲು ಬಲಗೈ ಸಾಕು, ಎಡಗೈ ಹಿಡಿದುಕೊಂಡರೆ ಆಯಿತು ಎಂದು ಹೊಳೆದದ್ದೇ ತಡ, ಈ ವಯಸ್ಸಿನಲ್ಲಿ ನಗೆಪಾಟಲಾಗಬೇಡಿ ಎಂದು ಹೆಂಡತಿ ತಡೆದರೂ ಕೇಳದೆ ಹೊರಟು ಬಂದಿದ್ದರು.

ಮೊದಲ ದಿನ ಬಂದದ್ದು ಬರೀ ಉಸಿರು, ಆಮೇಲೆ ಎಮ್ಮೆಕರು ಅರಚಿದಂಥ ಸದ್ದು. ಮಕ್ಕಳು ಕಿಸಕ್ಕೆಂದರು, ಮೇಷ್ಟ್ರೂ ನಕ್ಕರು. ದಿನ ಕಳೆದಂತೆ ಸ್ವರ ಹೊರಟಿತು, ಆದರೆ ನಿಲ್ಲುತ್ತಿರಲಿಲ್ಲ. ಮಕ್ಕಳ ಸಣ್ಣ ತಪ್ಪನ್ನೂ ಬಿಡದ ಟೀಚರ್, ಮೇಷ್ಟ್ರ ಸರದಿಗೆ ಮಾತ್ರ ಚೆನ್ನಾಗಿದೆ ಎಂದು ಮುಂದೆ ಸಾಗುತ್ತಿದ್ದಳು.

ಒಂದು ದಿನ ತರಗತಿ ಮುಗಿದ ಮೇಲೆ ಮೇಷ್ಟ್ರು ಉಳಿದುಕೊಂಡರು.

"ನನ್ನ ಸ್ವರ ಇಳೀತಿದ್ದದ್ದು ನಿನಗೆ ಕೇಳಿಸ್ಲಿಲ್ವಾ?"

"ಕೇಳಿಸ್ತು ಸರ್." ಅವಳು ಕಿಟಕಿಯ ಕಡೆ ನೋಡಿದಳು. "ನಿಮ್ಮನ್ನ ನಾನು ಹೇಗೆ ತಿದ್ದಲಿ?"

"ಮರ್ಯಾದೆ ಬೇಕಿದ್ರೆ ಮನೇಲೇ ಇರ್ತಿದ್ದೆನಮ್ಮ. ನಾನು ಬಂದಿರೋದು ಪಾಠಕ್ಕೆ."

ಆ ರಾತ್ರಿ ಅವಳಿಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ.

ಮುಂದಿನ ತರಗತಿಯಲ್ಲಿ ಮೇಷ್ಟ್ರ ಸರದಿ ಬಂತು. ಸ್ವರ ನಡುವೆ ಜಾರಿತು. ಟೀಚರ್ ಕೈ ಎತ್ತಿ ನಿಲ್ಲಿಸಿದಳು. "ಉಸಿರು ಮೊದಲೇ ಖರ್ಚು ಮಾಡ್ತಿದೀರ. ಇನ್ನೊಂದ್ಸಲ."

ಊದಿದರು.

"ಇಲ್ಲ ಸರ್. ಇನ್ನೊಂದ್ಸಲ."

ಮೇಷ್ಟ್ರು ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದುಕೊಂಡು ಊದಿದರು. ಸ್ವರ ಹದವಾಗಿ ಎದ್ದು, ಅಲುಗದೆ ನಿಂತು, ಕೋಣೆಯನ್ನೆಲ್ಲ ತುಂಬಿತು. ಪಿಸುಗುಡುತ್ತಿದ್ದ ಮಕ್ಕಳು ಬಾಯಿ ಮುಚ್ಚಿದರು. ಬಾಗಿಲಾಚೆ ಹೋಗುತ್ತಿದ್ದವರು ಯಾರೋ ನಿಂತು ಇಣುಕಿದರು.

ಮೇಷ್ಟ್ರು ಟ್ರಂಪೆಟ್ ಇಳಿಸಿ, ಪಕ್ಕದ ಮಕ್ಕಳ ಹಾಗೆಯೇ, ಸರಿಯಾಯಿತೇ ಎಂದು ಅವಳ ಮುಖ ನೋಡಿದರು.